ಕೊಡುವ ಕೈ, ಕಟ್ಟುವ ಕೈ

ಗೋಕರ್ಣದ ಓಂ ಬೀಚಿಗೆ ಆ ಹೆಸರು ಬಂದದ್ದು ಅದರ ಆಕಾರದಿಂದ. ಸಮುದ್ರಕ್ಕೆ ಚಾಚಿಕೊಂಡ ಬಂಡೆ, ಅದರ ಎರಡೂ ಮಗ್ಗುಲಲ್ಲಿ ಬಾಗಿದ ಎರಡು ದಂಡೆಗಳು. ಆದರೆ ಈ ಆಕಾರ ಕಣ್ಣಿಗೆ ಬೀಳಬೇಕಾದರೆ ಗುಡ್ಡದ ಮೇಲೆ ನಿಲ್ಲಬೇಕು. ಕೆಳಗೆ ಮರಳಿನಲ್ಲಿ ನಿಂತು ಬಲೆ ಎಳೆಯುವವನಿಗೆ ಕಾಣುವುದು ಬಂಡೆ, ಅಲೆ ಮತ್ತು ಅಂದಿನ ಮೀನು. ಎರಡು ನೋಟಗಳೂ ನಿಜವೇ. ಆದರೆ ಮೇಲಿನಿಂದ ಕಂಡ ರೂಪವೇ ದಂಡೆಗೆ ಹೆಸರಾಗಿ ಉಳಿಯಿತು; ಪ್ರವಾಸಿಗರ ನಕಾಶೆಗಳಲ್ಲಿ ಅದೇ ಅಚ್ಚಾಯಿತು.

ಕಲೆಗೆ ಮತ್ತು ವಾಸ್ತುಶಿಲ್ಪಕ್ಕೆ ಗಡಿಯಾಚೆಯಿಂದ ಬರುವ ಹಣದ ಬಗ್ಗೆ ಯೋಚಿಸುವಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕಾಗುತ್ತದೆ. ಹಣ ಕೊಡುವವನು ಬಹುತೇಕ ಗುಡ್ಡದ ಮೇಲೆ ನಿಂತವನು. ಅವನಿಗೆ ಒಂದು ಪ್ರದೇಶದ ರೂಪ, ಅದರ 'ಸಂಸ್ಕೃತಿ', ಅದರ 'ಸಮಸ್ಯೆ' ಒಂದೇ ನೋಟಕ್ಕೆ ಕಾಣುತ್ತದೆ. ಕೆಲಸ ಮಾಡುವವನು ಮರಳಿನ ಮೇಲಿರುತ್ತಾನೆ. ಹಾಗಾದರೆ ಹಣದ ಜೊತೆಗೆ ಆ ಮೇಲಿನ ನೋಟವನ್ನೂ ಒಪ್ಪಿಕೊಳ್ಳಬೇಕೇ? ಒಪ್ಪದೆ ಹಣ ತೆಗೆದುಕೊಂಡರೆ ಅದು ಅಪ್ರಾಮಾಣಿಕತೆಯೇ? ಒಪ್ಪಿ ತೆಗೆದುಕೊಂಡರೆ ಹುಟ್ಟುವ ಕೃತಿ ಯಾರದು?

ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರಗಳು ಎರಡಿವೆ. ವಿದೇಶಿ ಹಣವೆಂದರೆ ಸಂಚು, ಅದನ್ನು ಮುಟ್ಟಲೇಬಾರದು ಎನ್ನುವುದು ಒಂದು. ಹಣಕ್ಕೆ ಬಣ್ಣವಿಲ್ಲ, ಎಲ್ಲಿಂದ ಬಂದರೇನು, ಕೆಲಸ ಆದರೆ ಸಾಕು ಎನ್ನುವುದು ಇನ್ನೊಂದು. ಎರಡೂ ಯೋಚನೆಯ ಶ್ರಮವನ್ನು ತಪ್ಪಿಸಿಕೊಳ್ಳುವ ಉತ್ತರಗಳು.

ಕರಾವಳಿಯ ಹಳೆಯ ರೂಢಿ

ಗಡಿ ದಾಟಿದ ಹಣ ಮತ್ತು ಕೌಶಲ ಈ ಕರಾವಳಿಗೆ ಹೊಸತಲ್ಲ. ವಿಜಯನಗರದ ಕಾಲದಲ್ಲಿ ಅರಬ್ ದೇಶಗಳ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾನೆ. ತೈಮೂರ್ ವಂಶದ ದೊರೆ ಶಾರುಖ್‌ನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಝಾಕ್ ಮರಳುವಾಗ ಹಡಗು ಹತ್ತಿದ್ದು ಹೊನ್ನಾವರದಲ್ಲಿ. ವ್ಯಾಪಾರದಿಂದ ಬಂದ ಸಂಪತ್ತು ಕಲ್ಲಾಗಿ, ಮರವಾಗಿ ನಿಂತದ್ದನ್ನು ಭಟ್ಕಳದ ಬಸದಿ, ದೇವಾಲಯ ಮತ್ತು ಮಸೀದಿಗಳಲ್ಲಿ ಇಂದಿಗೂ ನೋಡಬಹುದು. ಅಲ್ಲಿನ ಹಳೆಯ ಗುಡಿಗಳ ಇಳಿಜಾರು ಕಲ್ಲಿನ ಮಾಡು ಈ ಊರಿನ ಮಳೆಗೆ ಕೊಟ್ಟ ಉತ್ತರ. ಹಣ ದೂರದ ವ್ಯಾಪಾರದ್ದು, ಮಾಡು ಇಲ್ಲಿಯ ಮಳೆಯದು.

ನಾವು 'ಅಪ್ಪಟ ನಮ್ಮದು' ಎಂದುಕೊಂಡಿರುವ ಮಂಗಳೂರು ಹಂಚಿನ ಕಥೆಯೂ ಇದೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ತಂತ್ರ ಹೊರಗಿನದು, ಮಣ್ಣು ನೇತ್ರಾವತಿಯ ದಂಡೆಯದು, ದುಡಿಮೆ ಇಲ್ಲಿಯವರದು. ಇಂದು ಕೆಂಪು ಹಂಚಿನ ಮನೆಯನ್ನು ಕಂಡು ಯಾರೂ ಅದನ್ನು ಪರದೇಶದ್ದೆನ್ನುವುದಿಲ್ಲ. ಆದ್ದರಿಂದ ಹೊರಗಿನಿಂದ ಬಂದದ್ದೆಲ್ಲ ಹೊರಗಿನದಾಗಿಯೇ ಉಳಿಯುತ್ತದೆ ಎಂಬ ಭಯಕ್ಕೆ ನಮ್ಮ ಚರಿತ್ರೆಯಲ್ಲಿ ಆಧಾರವಿಲ್ಲ. ಒಂದು ವಸ್ತು ಇಲ್ಲಿಯದಾಗುವುದು ಇಲ್ಲಿಯ ಜನ ಅದನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಬಳಸಿ, ತಿದ್ದಿ, ಉಳಿಸಿಕೊಂಡಾಗ.

ಅದೇ ವೇಳೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕಳೆದ ಕೆಲವು ದಶಕಗಳಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ಭಟ್ಕಳದವರ ಗಳಿಕೆ ಊರಿನ ರೂಪವನ್ನೇ ಬದಲಿಸಿತು. ಶಾಲೆ, ಕಾಲೇಜು, ಆಸ್ಪತ್ರೆಗಳಿಗೆ ಅದು ನೀಡಿದ ಬಲ ದೊಡ್ಡದು. ಆದರೆ ಮನೆಗಳನ್ನು ಗಮನಿಸಿ. ಚಿರೆಕಲ್ಲಿನ ದಪ್ಪ ಗೋಡೆ, ಮರದ ಅಟ್ಟ, ಇಳಿಜಾರು ಮಾಡು, ಬೇಸಿಗೆಯಲ್ಲಿ ತಂಪಾಗಿರುತ್ತಿದ್ದ ನಡುಮನೆ ಇದ್ದ ಹಳೆಯ ನವಾಯತ ಮನೆಗಳ ಜಾಗದಲ್ಲಿ ದೊಡ್ಡ ಗಾಜಿನ ಕಿಟಕಿಗಳ, ಸಮತಟ್ಟು ತಾರಸಿಯ ಕಾಂಕ್ರೀಟ್ ಮನೆಗಳು ಎದ್ದಿವೆ. ಮಳೆಯೇ ಅಪರೂಪವಾದ ಊರಿನ ತಾರಸಿಯನ್ನು, ವರ್ಷದ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಊರಿಗೆ ತಂದು, ಅದು ಸೋರತೊಡಗಿದ ಮೇಲೆ ಅದರ ಮೇಲೆ ತಗಡಿನ ಮಾಡು ಹೊದೆಸುವುದನ್ನು ಕರಾವಳಿಯಲ್ಲಿ ಎಲ್ಲೆಡೆ ಕಾಣಬಹುದು. ಇಲ್ಲಿ ಕೊಡುವವನೂ ನಮ್ಮವನೇ, ಕಟ್ಟಿಸುವವನೂ ನಮ್ಮವನೇ. ಆದರೂ ಹಣದ ಜೊತೆಗೆ ಬೇರೆ ಊರಿನ ಕಣ್ಣು ಬಂದುಬಿಟ್ಟಿತು. ಪರಾಧೀನತೆಗೆ ಪರದೇಶಿಯೇ ಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನೆರೆಯವರ ಮಾತಿಗೆ ಮೂರನೆಯವರ ಖರ್ಚು

ಈಗ ಸಮಕಾಲೀನ ಕಲೆಯ ಕಡೆಗೆ ಬರೋಣ. 1997ರಲ್ಲಿ ದೆಹಲಿಯ ಸಮೀಪದ ಮೋದಿನಗರದಲ್ಲಿ 'ಖೋಜ್' ಎಂಬ ಕಲಾವಿದರ ಶಿಬಿರ ನಡೆಯಿತು. ಅದಕ್ಕೆ ಬೆನ್ನೆಲುಬಾಗಿದ್ದುದು ಲಂಡನ್ನಿನ ಟ್ರಯಾಂಗಲ್ ಎಂಬ ಜಾಲ. ನಂತರದ ವರ್ಷಗಳಲ್ಲಿ ಕರಾಚಿಯಲ್ಲಿ 'ವಸ್ಲ್', ಕೊಲಂಬೋದಲ್ಲಿ 'ತೀರ್ಥ', ಢಾಕಾದಲ್ಲಿ 'ಬ್ರಿತ್ತೋ' ಹುಟ್ಟಿಕೊಂಡವು. ಈ ಸಂಘಟನೆಗಳು ಒಂದು ದಕ್ಷಿಣ ಏಷ್ಯಾ ಜಾಲವಾಗಿ ಬೆಸೆದುಕೊಂಡು ಪರಸ್ಪರರ ಕಲಾವಿದರನ್ನು ಕರೆಸಿಕೊಂಡವು. ಒಳ್ಳೆಯ ಕೆಲಸವೇ. ಆದರೆ ಈ ಓಡಾಟಕ್ಕೆ ಬೇಕಾದ ಹಣದ ದೊಡ್ಡ ಪಾಲು ಬಂದದ್ದು ಯೂರೋಪ್ ಮತ್ತು ಅಮೆರಿಕದ ಸಂಸ್ಥೆಗಳಿಂದ.

ಇದನ್ನು ಸರಳವಾಗಿ ಹೇಳುವುದಾದರೆ, ಅಕ್ಕಪಕ್ಕದ ಮನೆಯವರಿಬ್ಬರು ಜಗುಲಿಯಲ್ಲಿ ಕೂತು ಮಾತನಾಡಲು ಮೂರನೇ ಊರಿನ ಸಾಹುಕಾರ ಚಹಾದ ಖರ್ಚು ಕೊಡಬೇಕಾಗಿದೆ. ಆತ ಕೆಟ್ಟವನೆಂದಲ್ಲ. ಆದರೆ ಮಾತು ಎಲ್ಲಿ, ಯಾವಾಗ, ಯಾವ ವಿಷಯದ ಮೇಲೆ ಎಂಬುದನ್ನು ಕ್ರಮೇಣ ಅವನ ಅನುಕೂಲವೇ ನಿರ್ಧರಿಸುತ್ತದೆ. 'ಗಡಿ', 'ಹಿಂಸೆ', 'ಗುರುತು' ಎಂಬ ಪದಗಳಿಗೆ ಅನುದಾನ ಸಿಗುತ್ತದೆ ಎಂದಾದರೆ ಅರ್ಜಿಗಳಲ್ಲಿ ಆ ಪದಗಳೇ ತುಂಬಿಕೊಳ್ಳುತ್ತವೆ. ಕಲಾವಿದ ಸುಳ್ಳು ಹೇಳುತ್ತಿರುವುದಿಲ್ಲ. ತನ್ನ ಅನುಭವದಲ್ಲಿ ಯಾವುದಕ್ಕೆ ಬೆಲೆಯಿದೆಯೋ ಅದನ್ನು ಮಾತ್ರ ಹೊರತೆಗೆಯಲು ಕಲಿತಿರುತ್ತಾನೆ. ಇದು ಸೆನ್ಸಾರಿಗಿಂತ ಮೃದುವಾದದ್ದು, ಆದರೆ ಅದಕ್ಕಿಂತ ಆಳವಾಗಿ ಇಳಿಯುವಂಥದ್ದು. ಸೆನ್ಸಾರ್ ಹೇಳಿದ ಮಾತನ್ನು ಅಳಿಸುತ್ತದೆ. ಇದು ಯಾವ ಮಾತು ಹುಟ್ಟಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಬೇರೆ ದಾರಿಯೂ ಇತ್ತು ಎಂಬುದಕ್ಕೆ ಉದಾಹರಣೆಯಿದೆ. ಮುಂಬೈಯ ಶಿಲ್ಪಾ ಗುಪ್ತಾ ಮತ್ತು ಪಾಕಿಸ್ತಾನದ ಹುಮಾ ಮುಲ್ಜಿ 2000ದಲ್ಲಿ 'ಆರ್ ಪಾರ್' ಎಂಬ ವಿನಿಮಯವನ್ನು ಆರಂಭಿಸಿದರು. ಒಂದು ಹಂತದಲ್ಲಿ ಎರಡೂ ದೇಶಗಳ ಕಲಾವಿದರು ತಮ್ಮ ಚಿತ್ರಗಳನ್ನು ಇ-ಮೇಲ್ ಮೂಲಕ ಆಚೆಗೆ ಕಳಿಸಿದರು. ಅಲ್ಲಿಯವರು ಅವುಗಳನ್ನು ಮುದ್ರಿಸಿ ಬೀದಿಗಳಲ್ಲಿ ಹಂಚಿದರು. ವಿಮಾನ, ಹೋಟೆಲು, ಗ್ಯಾಲರಿ ಯಾವುದೂ ಬೇಕಾಗಲಿಲ್ಲ. ಹದಿನೈದು ವರ್ಷಗಳ ನಂತರ, 2015ರ ವೆನಿಸ್ ಬಿಯೆನಾಲೆಯ ಸಂದರ್ಭದಲ್ಲಿ, ಶಿಲ್ಪಾ ಗುಪ್ತಾ ಮತ್ತು ಲಾಹೋರಿನ ರಶೀದ್ ರಾಣಾ ಅವರ ಕೃತಿಗಳು ಒಂದೇ ಸೂರಿನಡಿ ಪ್ರದರ್ಶನಗೊಂಡವು. ಅದಕ್ಕೆ ಹಣ ಹೂಡಿದ್ದು ಭಾರತದ್ದೇ ಆದ ಗುಜ್ರಾಲ್ ಫೌಂಡೇಶನ್. ಹಣ ನಮ್ಮದೇ ಆಗಿದ್ದರೂ ಭೇಟಿ ಮಾತ್ರ ಇಟಲಿಯಲ್ಲಿ! 2025ರ ಏಪ್ರಿಲಿನ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಯರ ವೀಸಾಗಳು ರದ್ದಾದವು. ನೆರೆಯವರು ನೇರವಾಗಿ ಮಾತನಾಡುವ ಬಾಗಿಲುಗಳು ಮುಚ್ಚಿದಷ್ಟೂ ಮೂರನೆಯವರ ಜಗುಲಿಯ ಬೆಲೆ ಏರುತ್ತದೆ.

ಹಣ ಮುಗಿದ ಮೇಲೆ ಉಳಿಯುವುದೇನು?

ಹೊರಗಿನ ಹಣ ಒಳ್ಳೆಯದನ್ನು ಮಾಡಿದ ಸಂದರ್ಭಗಳನ್ನು ಮರೆಮಾಚುವುದು ನ್ಯಾಯವಲ್ಲ. ಉತ್ತರ ಕನ್ನಡದ ಗಡಿಗೆ ಹತ್ತಿರವೇ ಇರುವ, ಸಾಗರ ತಾಲೂಕಿನ ಹೆಗ್ಗೋಡಿನ ನೀನಾಸಮ್ 1983ರಿಂದ 1985ರವರೆಗೆ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ 'ಜನಸ್ಪಂದನ' ಎಂಬ ಯೋಜನೆಯಡಿ ಹಳ್ಳಿಹಳ್ಳಿಗಳಲ್ಲಿ ರಂಗ ಶಿಬಿರ ಮತ್ತು ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿತು. ಅಮೆರಿಕದ ಹಣದ ಬಗ್ಗೆ ಕನ್ನಡದಲ್ಲಿ ಕಟುವಾದ ಆಕ್ಷೇಪಗಳೂ ಕೇಳಿಬಂದವು. ಆ ಅನುದಾನ ಮುಗಿದ 1985ರಲ್ಲೇ 'ತಿರುಗಾಟ' ಶುರುವಾಯಿತು. ಊರೂರುಗಳ ಸಂಘಟಕರು ನಾಟಕಗಳನ್ನು ಕರೆಸಿಕೊಳ್ಳುವ, ಪ್ರೇಕ್ಷಕರೇ ಟಿಕೆಟ್ ಕೊಂಡು ನೋಡುವ ಈ ತಿರುಗಾಟ ನಾಲ್ಕು ದಶಕಗಳ ಕಾಲ ಬಾಳಿತು. ಹೊರಗಿನ ಹಣ ಬಂದು, ಕೆಲಸ ಮಾಡಿ, ಹೊರಟುಹೋಯಿತು. ಉಳಿದದ್ದು ತನ್ನ ಕಾಲ ಮೇಲೆ ತಾನೇ ನಡೆಯಬಲ್ಲ ಒಂದು ಅಭ್ಯಾಸ.

ಎರಡನೆಯ ಉದಾಹರಣೆ ತುಳುನಾಡಿನದು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಸಿರಿ ಪಾಡ್ದನವನ್ನು ದಾಖಲಿಸಿದರು. ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲೇ ಹಾಡಿದವರ ಹೆಸರಿದೆ: ಗೋಪಾಲ ನಾಯ್ಕ. ಅವರು 'ಮಾಹಿತಿದಾರ'ರಾಗಿ ಅಡಿಟಿಪ್ಪಣಿಯಲ್ಲಿ ಕರಗಿಹೋಗಲಿಲ್ಲ. ಹೆಸರು ಕೊಡುವುದು ಸಣ್ಣ ಸಂಗತಿಯೆಂದು ಯಾರಾದರೂ ಭಾವಿಸಿದರೆ, ನಮ್ಮ ಕರಾವಳಿಯ ಎಷ್ಟು ಹಾಲಕ್ಕಿ ಹೆಂಗಸರು ಚಿತ್ರಗಳಲ್ಲಿ ಹೆಸರಿಲ್ಲದ ಮುಖಗಳಾಗಿ ಉಳಿದಿದ್ದಾರೆ ಎಂಬುದನ್ನು ನೆನೆಸಿಕೊಳ್ಳಲಿ. ಚಿತ್ರ ತೆಗೆದವನಿಗೆ ಹೆಸರಿದೆ, ಪ್ರಾಯೋಜಕನಿಗೆ ಹೆಸರಿದೆ, ಮಣಿಸರ ಧರಿಸಿದವಳಿಗೆ ಮಾತ್ರ ಇಲ್ಲ.

ಮೂರನೆಯದು ವಾಸ್ತುಶಿಲ್ಪದ್ದು. ಸ್ವಾತಂತ್ರ್ಯದ ಐವತ್ತನೇ ವರ್ಷದ ಕೊಡುಗೆಯಾಗಿ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ ದೆಹಲಿಯ ಹುಮಾಯೂನ್ ಗೋರಿಯ ಉದ್ಯಾನವನ್ನು ಪುನರುಜ್ಜೀವನಗೊಳಿಸಿತು. ಆ ಕೆಲಸ 2003ರಲ್ಲಿ ಮುಗಿಯಿತು. ನಂತರ ಕೈಗೆತ್ತಿಕೊಂಡ ಗೋರಿಯ ಜೀರ್ಣೋದ್ಧಾರದಲ್ಲಿ ಟಾಟಾ ಟ್ರಸ್ಟ್ ಕೂಡ ಪಾಲು ಹಾಕಿತು. ಅದು 2013ರಲ್ಲಿ ಪೂರ್ಣಗೊಂಡಿತು. ಹಿಂದಿನ ದುರಸ್ತಿಗಳಲ್ಲಿ ಬಳಿದಿದ್ದ ಸಿಮೆಂಟನ್ನು ತೆಗೆದು ಮತ್ತೆ ಸುಣ್ಣದ ಗಾರೆ ಹಾಕಲಾಯಿತು. ಬಣ್ಣದ ಹೆಂಚುಗಳ ವಿದ್ಯೆ ಇಲ್ಲಿ ಮರೆಯಾಗಿದ್ದರಿಂದ ಉಜ್ಬೇಕಿಸ್ತಾನದ ಕುಶಲಕರ್ಮಿಗಳನ್ನು ಕರೆಸಲಾಯಿತು. ಅವರು ಹೆಂಚು ಮಾಡಿಟ್ಟು ಹೋಗಲಿಲ್ಲ; ಪಕ್ಕದ ನಿಜಾಮುದ್ದೀನ್ ಬಸ್ತಿಯ ಯುವಕರಿಗೆ ಅದನ್ನು ಮಾಡಲು ಕಲಿಸಿದರು. ಹೊಸ ಹೆಂಚು ಕೂರಿಸಿದ್ದು ಸರಿಯೇ ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ, ಇರಲಿ. ಕೈಯಿಂದ ಕೈಗೆ ವಿದ್ಯೆ ದಾಟಿತು ಎಂಬುದು ಮುಖ್ಯ.

ಈ ಮೂರರಲ್ಲೂ ಸಮಾನವಾದದ್ದನ್ನು ಗಮನಿಸಬೇಕು. ಸ್ಥಳೀಯರು ಇಲ್ಲಿ ಹಿನ್ನೆಲೆಯ ಪರದೆಯಲ್ಲ. ಅವರು ಸಂಘಟಕರು, ಕವಿಗಳು, ಕುಶಲಕರ್ಮಿಗಳು. ಹಣ ಹೋದ ಮೇಲೂ ಅವರ ಕೈಯಲ್ಲಿ ಏನೋ ಉಳಿದಿದೆ.

ಹಣದ ಮೂಲ

ಇನ್ನೂ ಕಷ್ಟದ ಪ್ರಶ್ನೆಯೊಂದಿದೆ. ಹಣ ಎಲ್ಲಿಂದ ಬಂತು ಎಂದು ಕೇಳಬೇಕೇ? ಅಮೆರಿಕದ ಸ್ಯಾಕ್ಲರ್ ಕುಟುಂಬ ಜಗತ್ತಿನ ದೊಡ್ಡ ಮ್ಯೂಸಿಯಂಗಳಿಗೆ ಧಾರಾಳವಾಗಿ ದಾನ ಮಾಡಿತ್ತು. ಆ ಕುಟುಂಬದ ಕಂಪನಿಯ ನೋವುನಿವಾರಕ ಮಾತ್ರೆಗಳು ಅಸಂಖ್ಯ ಜನರನ್ನು ವ್ಯಸನಕ್ಕೆ ದೂಡಿದ್ದು ಬಯಲಾದ ಮೇಲೆ, 2019ರಲ್ಲಿ ಪ್ಯಾರಿಸಿನ ಲೂವ್ರ್, 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಗೋಡೆಗಳಿಂದ ಆ ಹೆಸರನ್ನು ತೆಗೆದವು. ನಮಗೆ ಇನ್ನೂ ಹತ್ತಿರದ ಪ್ರಸಂಗ ಅಬುಧಾಬಿಯದು. ಅಲ್ಲಿ ಕಟ್ಟಲು ಯೋಜಿಸಿದ್ದ ಗುಗೆನ್‌ಹೈಮ್ ಮ್ಯೂಸಿಯಂನ ಕಾರ್ಮಿಕರ ಸ್ಥಿತಿಯನ್ನು ಪ್ರತಿಭಟಿಸಿ 2011ರಲ್ಲಿ ನೂರಕ್ಕೂ ಹೆಚ್ಚು ಕಲಾವಿದರು ಆ ಮ್ಯೂಸಿಯಂನೊಡನೆ ಸಹಕರಿಸುವುದಿಲ್ಲವೆಂದು ಘೋಷಿಸಿದರು. ಆ ಕಾರ್ಮಿಕರು ಯಾರು? ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳಗಳಿಂದ ಹೋದವರು. ಅಂದರೆ ನಮ್ಮವರು. ಗಡಿ ದಾಟಿ ನಿಜವಾಗಿಯೂ ಒಟ್ಟಿಗೆ ದುಡಿಯುತ್ತಿದ್ದ ದಕ್ಷಿಣ ಏಷ್ಯನ್ನರು ಆ ಮ್ಯೂಸಿಯಂನ ಒಳಗಲ್ಲ, ಅದರ ಸಾರ್ವೆಯ ಮೇಲಿದ್ದರು. ಅವರ ಸಹಯೋಗಕ್ಕೆ ಯಾವ ಅನುದಾನವೂ ಇರಲಿಲ್ಲ.

ಪರಿಪೂರ್ಣವಾಗಿ ಶುದ್ಧವಾದ ಹಣ ಜಗತ್ತಿನಲ್ಲಿ ಸಿಗಲಿಕ್ಕಿಲ್ಲ. ಹಾಗೆಂದು ಎಲ್ಲ ಹಣವೂ ಒಂದೇ ಎನ್ನುವುದು ವಿವೇಕವಲ್ಲ. ಒಂದು ಕೆಲಸಕ್ಕೆ ಹಣ ಕೊಡುತ್ತಿರುವ ಕೈಯೇ ಅದೇ ಕೆಲಸದಲ್ಲಿ ಇನ್ನೊಬ್ಬನ ಕೂಲಿಯನ್ನು ಹಿಡಿದಿಟ್ಟುಕೊಂಡಿದ್ದರೆ ಅಲ್ಲಿ ಸಂದೇಹಕ್ಕೆ ಜಾಗವಿಲ್ಲ. ಕಾಯಕದಿಂದ ಬಂದದ್ದೇ ದಾಸೋಹಕ್ಕೆ ಸಲ್ಲಬೇಕೆಂದ ಶರಣರೂ, ಹಲಾಲ್ ಗಳಿಕೆಯಿಂದಲೇ ದಾನ ಸಲ್ಲಬೇಕೆಂಬ ಇಸ್ಲಾಮಿನ ಬೋಧನೆಯೂ ಹೇಳುವುದು ಇದನ್ನೇ.

ಸರ್ಕಾರದ ಕಾನೂನು ಕೂಡ ಹಣದ ಮೂಲವನ್ನು ಕೇಳುತ್ತದೆ, ಆದರೆ ಬೇರೆ ರೀತಿಯಲ್ಲಿ. 1976ರಲ್ಲಿ ಬಂದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರಲ್ಲಿ ಹೊಸ ರೂಪ ಪಡೆಯಿತು. 2020ರ ತಿದ್ದುಪಡಿಯ ಪ್ರಕಾರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಇದರ ಪರಿಣಾಮ ಯಾರ ಮೇಲೆ? ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆಗಳು ನೋಂದಣಿ, ಆಡಿಟ್ ಎಲ್ಲವನ್ನೂ ನಿಭಾಯಿಸುತ್ತವೆ. ಕುಮಟಾದ ಒಂದು ಸಣ್ಣ ಕಲಾ ಬಳಗಕ್ಕೆ ದೊಡ್ಡ ಸಂಸ್ಥೆಯ ಮೂಲಕ ಹಣ ತಲುಪುವ ದಾರಿ ಇದ್ದರೆ ಅದೂ ಮುಚ್ಚಿತು. ಗುಡ್ಡದ ಮೇಲಿರುವವರಿಗೇ ಇನ್ನಷ್ಟು ಎತ್ತರ ಸಿಕ್ಕಂತಾಯಿತು.

ಕೊಟ್ಟ ಮೇಲೆ ಬಿಡುವುದು

ಹಾಗಾದರೆ ಅಳತೆಗೋಲು ಯಾವುದು? ನಮ್ಮ ಪರಂಪರೆಯಲ್ಲೇ ಒಂದು ಇದೆ ಎಂದು ನನಗನಿಸುತ್ತದೆ. ವಕ್ಫ್ ಪದ್ಧತಿಯಲ್ಲಿ ಒಬ್ಬನು ಆಸ್ತಿಯನ್ನು ಅರ್ಪಿಸಿದ ಮೇಲೆ ಅದರ ಒಡೆತನ ಅವನದಲ್ಲ. ಅವನು ಅದನ್ನು ಮಾರುವಂತಿಲ್ಲ, ಹಿಂದಕ್ಕೆ ಪಡೆಯುವಂತಿಲ್ಲ, ಮಕ್ಕಳಿಗೆ ಪಿತ್ರಾರ್ಜಿತವಾಗಿ ಬಿಡುವಂತಿಲ್ಲ. ಇದು ಬಾವಿಗೆ, ಇದು ಮದ್ರಸಕ್ಕೆ ಎಂದು ಉದ್ದೇಶವನ್ನು ಹೇಳುವ ಹಕ್ಕು ಅವನಿಗಿದೆ. ಆ ಮಾತಿಗೆ ಬೆಲೆಯೂ ಇದೆ. ಆದರೆ ಬಾವಿಯ ನೀರನ್ನು ಯಾರು ಹೇಗೆ ಕುಡಿಯಬೇಕೆಂದು ನಿಂತು ನೋಡುವ ಹಕ್ಕು ಇಲ್ಲ. ಕರ್ನಾಟಕದ ದತ್ತಿ ಶಾಸನಗಳಲ್ಲೂ ಇದೇ ಭಾವವಿದೆ. ದಾನ ಕೊಟ್ಟವನೇ ಆಗಲಿ, ಅವನ ವಂಶದವನೇ ಆಗಲಿ, ಕೊಟ್ಟದ್ದನ್ನು ಕಿತ್ತುಕೊಂಡರೆ ಪಾಪವೆಂದು ಅವು ಶಾಪ ಹಾಕುತ್ತವೆ. ಉದ್ದೇಶ ಹೇಳುವುದಕ್ಕೂ ಒಡೆತನ ಸಾಧಿಸುವುದಕ್ಕೂ ನಡುವೆ ನಮ್ಮ ಹಿರಿಯರು ಗೆರೆ ಎಳೆದಿದ್ದರು.

ಇಂದಿನ ಕಲಾ ಅನುದಾನಗಳಲ್ಲಿ ಆ ಗೆರೆ ಮಸುಕಾಗಿದೆ. ವಿಷಯ, ಅವಧಿ, ಭಾಷೆ, ಪ್ರದರ್ಶನದ ಸ್ಥಳ, ವರದಿ, ಲಾಂಛನ ಎಲ್ಲವೂ ಕೊಡುವವನದಾದರೆ ಕಲಾವಿದ ಗುತ್ತಿಗೆದಾರನಷ್ಟೇ. ಪಡೆದವನ ಕಡೆಯಿಂದಲೂ ಒಂದು ಹಿಂಜರಿಕೆ ಇರುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ನಮ್ಮ ರಕ್ತದಲ್ಲಿದೆ. ಒಳ್ಳೆಯ ಗಾದೆಯೇ, ಆದರೆ ಕಲೆಗೆ ಅದು ಹೊಂದುವುದಿಲ್ಲ. ಉಂಡ ಮನೆಯ ಬಗ್ಗೆಯೂ ಸತ್ಯ ಹೇಳಬೇಕಾದದ್ದು ಕಲೆಯ ಧರ್ಮ. ಅದನ್ನು ಸಹಿಸಲಾರದವನು ದಾನಿಯಲ್ಲ, ಜಾಹೀರಾತುದಾರ.

ಒಂದು ಕಲ್ಪನೆ ಮಾಡೋಣ. ನಾಳೆ ಯಾವುದೋ ದೇಶದ ಪ್ರತಿಷ್ಠಾನವೊಂದು ಓಂ ಬೀಚಿನಲ್ಲಿ ಒಂದು ಅಂತಾರಾಷ್ಟ್ರೀಯ ಕಲಾ ಮಂಟಪ ಕಟ್ಟಲು ಮುಂದಾಗುತ್ತದೆ ಎಂದಿಟ್ಟುಕೊಳ್ಳಿ. ಒಬ್ಬ ಹೊರದೇಶದ ಕಲಾವಿದ, ಒಬ್ಬ ಬೆಂಗಳೂರಿನ ವಾಸ್ತುಶಿಲ್ಪಿ, ಹೊನ್ನಾವರದ ಗುಡಿಗಾರ ಕುಟುಂಬದ ಕೆತ್ತನೆಗಾರರು. ಹೌದು ಅಥವಾ ಬೇಡ ಎನ್ನುವ ಮುನ್ನ ನಾವು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಮಂಟಪ ಬೇಕೆಂದು ಮೊದಲು ಹೇಳಿದವರು ಯಾರು? ಮೀನುಗಾರರು ದೋಣಿ ಎಳೆಯುವ ಜಾಗಕ್ಕೆ ಅದು ಅಡ್ಡವಾಗುತ್ತದೆಯೇ, ಈ ಬಗ್ಗೆ ಅವರನ್ನು ಕೇಳಲಾಗಿದೆಯೇ? ಅಲ್ಲಿ ಕಟ್ಟಬಾರದು, ಕಟ್ಟುವುದೇ ಬೇಡ ಎನ್ನುವ ಅಧಿಕಾರ ಅವರಿಗಿದೆಯೇ? ಗುಡಿಗಾರನಿಗೆ ಸಿಗುವುದು ದಿನಗೂಲಿಯೇ ಅಥವಾ ಸಹಕರ್ತೃವಿನ ಸ್ಥಾನವೇ? ವೆನಿಸಿನಲ್ಲಿಯೋ ಬರ್ಲಿನ್ನಿನಲ್ಲಿಯೋ ಚರ್ಚೆ ನಡೆಯುವಾಗ ವಾಸ್ತುಶಿಲ್ಪಿಯ ಜೊತೆ ಅವನಿಗೂ ಟಿಕೆಟ್ ಇದೆಯೇ? ಮೂರು ವರ್ಷಗಳ ನಂತರ ಉಪ್ಪುಗಾಳಿಗೆ ಮರ ಹಾಳಾದಾಗ ದುರಸ್ತಿಯ ಹೊಣೆ ಯಾರದು?

ಈ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಕ್ಕರೆ ಆ ಹಣ ಯಾವ ದೇಶದ್ದಾದರೂ ಸ್ವಾಗತಿಸಬಹುದು. ಸಿಗದಿದ್ದರೆ ಹಣ ದೆಹಲಿಯದಾದರೂ, ದುಬೈಯಲ್ಲಿರುವ ನಮ್ಮೂರವನದೇ ಆದರೂ ನಿರಾಕರಿಸಬೇಕು. ಗಡಿಯೆಂಬುದು ದೇಶಗಳ ನಡುವೆ ಮಾತ್ರ ಇಲ್ಲ. ಬೆಂಗಳೂರಿನ ಸ್ಟುಡಿಯೊ ಮತ್ತು ಹೊನ್ನಾವರದ ಕೆತ್ತನೆಮನೆಯ ನಡುವಿನ ಗಡಿ ಕೆಲವೊಮ್ಮೆ ವಾಘಾಕ್ಕಿಂತ ಬಿಗಿಯಾಗಿರುತ್ತದೆ.

ಕೊನೆಯದಾಗಿ ನಮ್ಮ ಬಗ್ಗೆಯೇ ಒಂದು ಮಾತು. ಹೊರಗಿನ ಹಣದ ಷರತ್ತುಗಳ ಬಗ್ಗೆ ದೂರುವ ನಾವು ಕಲೆಗೆಂದು ನಮ್ಮ ಜೇಬಿನಿಂದ ಏನು ಕೊಟ್ಟಿದ್ದೇವೆ? 1919ರಲ್ಲಿ ಭಟ್ಕಳದ ಜನ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯನ್ನು ಕಟ್ಟಿ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ಶಿಕ್ಷಣಕ್ಕೆ ಕೊಡುವುದು ಪುಣ್ಯವೆಂದು ಅವರಿಗೆ ತಿಳಿದಿತ್ತು. ಇನ್ನೂ ನೆಟ್ಟಗೆ ನಿಂತಿರುವ ಒಂದು ಹಳೆಯ ನವಾಯತ ಮನೆಯನ್ನು ಉಳಿಸಿಕೊಳ್ಳುವುದು, ಅದರ ಮರಗೆಲಸ ಬಲ್ಲ ಒಬ್ಬ ಮುದುಕ ಆಚಾರಿಯ ಬಳಿ ನಾಲ್ಕು ಹುಡುಗರನ್ನು ಕಲಿಯಲು ಕೂರಿಸುವುದು, ಬಸದಿ, ಗುಡಿ, ಮಸೀದಿ ಮೂರನ್ನೂ ಒಟ್ಟಿಗೆ ಅಳೆದು ನಕ್ಷೆ ಮಾಡುವ ವಿದ್ಯಾರ್ಥಿಗಳಿಗೆ ಒಂದು ಬೇಸಿಗೆಯ ಊಟ-ವಸತಿ ಒದಗಿಸುವುದು, ಇವೂ ಪುಣ್ಯದ ಕೆಲಸಗಳೇ ಎಂದು ನಾವೇಕೆ ಭಾವಿಸುವುದಿಲ್ಲ? ಇದಕ್ಕೆ ಕೋಟಿಗಳು ಬೇಕಿಲ್ಲ. ಒಂದು ಮದುವೆಯ ಮಂಟಪದ ಅಲಂಕಾರದ ಖರ್ಚಿನಲ್ಲಿ ಇವುಗಳಲ್ಲಿ ಒಂದನ್ನಾದರೂ ಆರಂಭಿಸಬಹುದು.

ಹೊರಗಿನವನ ಎದುರು ಸಮಾನನಾಗಿ ಕೂರಬೇಕಾದರೆ ನಮ್ಮ ಪಾಲಿನ ಹಣವೂ ಮೇಜಿನ ಮೇಲಿರಬೇಕು. ಅದು ನೂರರಲ್ಲಿ ಹತ್ತೇ ಆಗಿರಲಿ. ಆ ಹತ್ತರ ಬಲದಿಂದಲೇ ಉಳಿದ ತೊಂಬತ್ತನ್ನು ಕೊಡುವವನಿಗೆ ನಾವು 'ಇದು ಹೀಗಲ್ಲ, ಹಾಗೆ' ಎಂದು ಹೇಳಬಹುದು. ಏನನ್ನೂ ಹಾಕದವನಿಗೆ ಆ ಮಾತು ಹೇಳುವ ನಾಲಿಗೆ ಇರುವುದಿಲ್ಲ.